ಪಕ್ಕದ ತಾಲ್ಲೂಕಿನಲ್ಲಿ ನಡೆದದ್ದು ನಮ್ಮೂರಲ್ಲೂ ನಡೆಯಬೇಕಾದರೆ

ಒಂದು ಊರಲ್ಲಿ ಗೋಬರ್ ಗ್ಯಾಸ್ ಚೆನ್ನಾಗಿ ಉರಿಯುತ್ತಿರುತ್ತದೆ. ಇನ್ನೊಂದು ಊರಲ್ಲಿ ಸಂಘದ ಹೆಂಗಸರೇ ರೇಡಿಯೊ ನಡೆಸುತ್ತಿರುತ್ತಾರೆ. ಮತ್ತೊಂದು ಕಡೆ ಊರಿನವರೇ ಕಂಬ ನೆಟ್ಟು ವೈಫೈ ಮಾಡಿಕೊಂಡಿರುತ್ತಾರೆ. ಒಂದು ಬಸ್ಸು ಮಾಡಿಕೊಂಡು ಹೋಗಿ ನೋಡಿ, ಊಟ ಮಾಡಿ, ಫೋಟೊ ತೆಗೆಸಿಕೊಂಡು, 'ನಮ್ಮೂರಿಗೂ ಇದು ಬೇಕು' ಅಂತ ವಾಪಸ್ ಬರುವವರು ಜಾಸ್ತಿ. ತಂದು ಎರಡು ವರ್ಷವಾದ ಮೇಲೂ ನಡೆಸುತ್ತಿರುವವರು ಕಮ್ಮಿ.

ದುಡ್ಡಿಲ್ಲದೆ ಹೀಗಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾವು ಸಾಮಾನು ತರುತ್ತೇವೆ, ಅದನ್ನು ನಡೆಸಿ ಪಳಗಿದವರ ನಂಟು ತರುವುದಿಲ್ಲ. ವಾಲ್ವ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಗೋಡೆಯಲ್ಲಿ ಬಿರುಕು ಬಿಟ್ಟರೆ ಯಾವ ಮೇಸ್ತ್ರಿಯನ್ನು ಕರೆಸಬೇಕು, ಹೊಣೆ ಹೊತ್ತವರು ಬೇಜಾರಾಗಿ ಕೈಬಿಟ್ಟರೆ ಮುಂದೇನು, ಇದ್ಯಾವುದಕ್ಕೂ ಕಂಪನಿಯ ಪುಸ್ತಕದಲ್ಲಿ ಉತ್ತರ ಇರುವುದಿಲ್ಲ. ಈಗಾಗಲೇ ಮಾಡಿದವರ ಬಳಿ ಮಾತ್ರ ಇರುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸ್ತ್ರೀಶಕ್ತಿ ಸಂಘಗಳು, ಸಂಜೀವಿನಿ ಒಕ್ಕೂಟಗಳು, ಡೇರಿ ಸಂಘಗಳು, ಯುವಕ ಸಂಘಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಥ ಪ್ರಯೋಗಗಳಿಗೆ ಈ ಮೂರು ಜಿಲ್ಲೆಗಳಲ್ಲಿ ಬರ ಇಲ್ಲ. ಮಳೆಗೆ ಬರ ಇರಬಹುದು, ಅದು ಬೇರೆ ಮಾತು.

ಮೊದಲ ಹೆಜ್ಜೆ: ಊರಿನ ಕಷ್ಟ ಯಾವುದು ಅಂತ ಕೇಳಿ, ಯಂತ್ರದ ಹೆಸರು ಎತ್ತಬೇಡಿ

ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿಯ ಕಥೆ ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅನ್ನುವ ವಿಭಾಗ ಶುರುವಾಯಿತು. ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನ ಮಾಡುವುದೇ ಅದರ ಕೆಲಸ. ಪ್ರೊ. ಅಮೂಲ್ಯ ರೆಡ್ಡಿ ಅದಕ್ಕೆ ಬುನಾದಿ ಹಾಕಿದವರು. ಲ್ಯಾಬಿನಲ್ಲಿ ಕೂತು ಹಳ್ಳಿ ಅರ್ಥವಾಗುವುದಿಲ್ಲ ಅಂತ ಅವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ ಒಂದು ಕೇಂದ್ರ ಮಾಡಿಕೊಂಡರು.

ಪುರದಲ್ಲಿ ಇಡೀ ಊರಿಗೆ ಸೇರಿದ ದೊಡ್ಡ ಗೋಬರ್ ಗ್ಯಾಸ್ ಕಟ್ಟಿದರು. ಮೊದಲಿದ್ದ ಯೋಚನೆ ಅಡುಗೆ ಗ್ಯಾಸ್ ಕೊಡುವುದು. ಆದರೆ ಊರಿನ ಎಲ್ಲ ಒಲೆಗಳಿಗೂ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಒಬ್ಬರ ಮನೆಗೆ ಬಂದು ಇನ್ನೊಬ್ಬರ ಮನೆಗೆ ಬರದಿದ್ದರೆ ಯಾರು ತಾನೇ ಸೆಗಣಿ ಹೊತ್ತು ತರುತ್ತಾರೆ? ಜನಕ್ಕೆ ಆಸಕ್ತಿ ಹೋಯಿತು.

ಆಮೇಲೆ ಕೇಳಿದ ಪ್ರಶ್ನೆ ಬೇರೆ. ಊರಿಗೆ ನಿಜವಾಗಿ ಬೇಕಾದದ್ದು ಏನು? ಕುಡಿಯುವ ನೀರು. 1987ರಲ್ಲಿ ಅದೇ ಗ್ಯಾಸನ್ನು ಡೀಸೆಲ್ ಎಂಜಿನ್‌ಗೆ ಕೊಟ್ಟು, ಕರೆಂಟ್ ಮಾಡಿ, ಬೋರ್‌ವೆಲ್ಲಿನಿಂದ ನೀರೆತ್ತಿ ನಲ್ಲಿಗೆ ಬಿಟ್ಟರು. ಮನೆಗಳಲ್ಲಿ ಟ್ಯೂಬ್‌ಲೈಟೂ ಉರಿಯಿತು. ಸೆಗಣಿ ತಂದವರಿಗೆ ತೂಕ ಮಾಡಿ ಇಷ್ಟು ಅಂತ ಕಾಸು ಕೊಟ್ಟರು. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರಿಗೇ ವಾಪಸ್. ಪ್ಲಾಂಟ್ ನೋಡಿಕೊಂಡವರು ಊರಿನ ಹುಡುಗರೇ. ಯಂತ್ರ ಹೆಚ್ಚುಕಮ್ಮಿ ಹಳೆಯದೇ, ಸೆಗಣಿಯೂ ಹಳೆಯದೇ. ಬದಲಾದದ್ದು ಅದರಿಂದ ಮನೆಗೆ ಏನು ಬಂತು ಅನ್ನುವುದು.

ಹಾಗಾಗಿ ನಿಮ್ಮ ಮೊದಲ ಸಭೆಯಲ್ಲಿ 'ಸೋಲಾರ್ ಬೇಕೋ, ಗೋಬರ್ ಗ್ಯಾಸ್ ಬೇಕೋ' ಅಂತ ಕೇಳಲೇಬೇಡಿ. ದಿನಕ್ಕೆ ಜಾಸ್ತಿ ಹೊತ್ತು ತಿನ್ನುವ ಕೆಲಸ ಯಾವುದು, ತಿಂಗಳಿಗೆ ಜಾಸ್ತಿ ದುಡ್ಡು ಎಲ್ಲಿ ಹೋಗುತ್ತದೆ ಅಂತ ಕೇಳಿ. ಸಭೆ ಎರಡು ಮಾಡಿ. ಅರಳಿಕಟ್ಟೆಯಲ್ಲಿ ಗಂಡಸರನ್ನು ಸೇರಿಸಿದರೆ ಬೀದಿದೀಪದ ಮಾತು ಬರುತ್ತದೆ, ಹೆಂಗಸರನ್ನೇ ಸೇರಿಸಿದರೆ ನೀರು, ಸೌದೆ, ಸಿಲಿಂಡರ್ ಬರುತ್ತದೆ. ಎರಡೂ ನಿಜವೇ. ಆದರೆ ಒಂದನ್ನು ಮಾತ್ರ ಕೇಳಿ ಹೊರಟರೆ ಅರ್ಧ ಊರು ನಿಮ್ಮ ಜೊತೆ ಇರುವುದಿಲ್ಲ.

ಎರಡನೇ ಹೆಜ್ಜೆ: ಮಾಡಿದವರನ್ನು ಹುಡುಕಿ

ಮಾರುವವರು ತಾವಾಗಿಯೇ ಬರುತ್ತಾರೆ. ಮಾಡಿದವರನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಕೃಷಿ ವಿಜ್ಞಾನ ಕೇಂದ್ರದಿಂದ ಶುರುಮಾಡುವುದು ಸುಲಭ. ತುಮಕೂರಿನವರಿಗೆ ಹಿರೇಹಳ್ಳಿ ಮತ್ತು ತಿಪಟೂರಿನ ಕೊನೇಹಳ್ಳಿ, ಕೋಲಾರದವರಿಗೆ ಟಮಕ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಬಳಿಯ ಕುರುಬೂರು. ಯಾವ ಹಳ್ಳಿಯಲ್ಲಿ ಏನು ನಡೆಯುತ್ತಿದೆ ಅಂತ ಅಲ್ಲಿನವರಿಗೆ ಗೊತ್ತಿರುತ್ತದೆ. ಹಾಲು ಒಕ್ಕೂಟದ ಮೇಲ್ವಿಚಾರಕರು ಇನ್ನೂ ಒಳ್ಳೆಯ ದಾರಿ. ಹತ್ತಾರು ಡೇರಿ ಸುತ್ತುವ ಅವರಿಗೆ ಯಾರ ಮನೆಯ ಗ್ಯಾಸ್ ಉರಿಯುತ್ತಿದೆ, ಯಾರ ಗುಂಡಿಯಲ್ಲಿ ಮಳೆನೀರು ನಿಂತಿದೆ ಎರಡೂ ಗೊತ್ತು.

ಪಾವಗಡ, ಬಾಗೇಪಲ್ಲಿ, ಗೌರಿಬಿದನೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯವರು ಆಂಧ್ರದ ಕಡೆಗೂ ನೋಡಿ. ಹಿಂದೂಪುರ, ಮಡಕಶಿರಾ, ಮದನಪಲ್ಲಿ ನಿಮ್ಮ ಜಿಲ್ಲಾ ಕೇಂದ್ರಕ್ಕಿಂತ ಹತ್ತಿರ ಇರಬಹುದು. ಮಣ್ಣು ಒಂದೇ, ಮಳೆ ಒಂದೇ, ಮನೆಮಾತೂ ಎಷ್ಟೋ ಕಡೆ ಒಂದೇ. ಇಲಾಖೆಯ ಕಾಗದಕ್ಕೆ ರಾಜ್ಯದ ಗಡಿ ಇರುತ್ತದೆ, ಕೈಕೆಲಸಕ್ಕೆ ಇರುವುದಿಲ್ಲ.

ಜಾಲ ಅಂದರೆ ಏನು ಮಾಡಬಲ್ಲದು ಅನ್ನುವುದಕ್ಕೆ ಗೋಬರ್ ಗ್ಯಾಸ್‌ನ ದೀನಬಂಧು ಮಾದರಿಯನ್ನೇ ನೋಡಿ. ಅಫ್‌ಪ್ರೊ ಅನ್ನುವ ದೆಹಲಿಯ ಸಂಸ್ಥೆ 1984ರಲ್ಲಿ ಇದನ್ನು ರೂಪಿಸಿತು. ಇಟ್ಟಿಗೆಯಲ್ಲೇ ಕಟ್ಟುವ, ನೆಲದೊಳಗೆ ಕೂರುವ ಗುಮ್ಮಟ. ಹಳೆಯ ಮಾದರಿಯ ಹಾಗೆ ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ಮು ಇಲ್ಲ, ಖರ್ಚೂ ಕಮ್ಮಿ. ಅಫ್‌ಪ್ರೊ ಒಂದೇ ಎಲ್ಲ ಕಡೆ ಹೋಗಿ ಕಟ್ಟಲಿಲ್ಲ. ದೇಶದ ಬೇರೆ ಬೇರೆ ಕಡೆಯ ಸಂಸ್ಥೆಗಳಿಗೆ ಕಲಿಸಿತು, ಅವು ತಮ್ಮ ಮೇಸ್ತ್ರಿಗಳಿಗೆ ಕಲಿಸಿದವು. ಕೋಲಾರದ ಎಸ್‌ಕೆಜಿ ಸಂಘ ಗೋಬರ್ ಗ್ಯಾಸ್ ಜೊತೆಗೆ ಎರೆಗೊಬ್ಬರವನ್ನೂ ಸೇರಿಸಿಕೊಂಡಿತು. ಗ್ಯಾಸಿಗಿಂತ ಗೊಬ್ಬರಕ್ಕೇ ಆಸೆಪಡುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ, ಅಲ್ವಾ?

ಬಾಗೇಪಲ್ಲಿಯ ಅಡಾಟ್ಸ್ ಸಂಸ್ಥೆ ಮತ್ತು ಅಲ್ಲಿನ ಕೂಲಿ ಸಂಘದ ಕಥೆ ಇನ್ನೊಂದು ಥರ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಇದು ಅದಕ್ಕೂ ಮೊದಲಿನ ಮಾತು. 5,500 ಮನೆಗಳಿಗೆ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಕಟ್ಟುವ ಯೋಜನೆಯನ್ನು 2005ರಲ್ಲಿ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ ನೋಂದಾಯಿಸಿದರು. ಅಂದರೆ ಸೌದೆ, ಸೀಮೆಎಣ್ಣೆ ಸುಡುವುದು ತಪ್ಪಿ ಎಷ್ಟು ಇಂಗಾಲ ಉಳಿಯಿತೋ ಅದನ್ನು ಹೊರದೇಶದವರಿಗೆ ಮಾರಿ ಬಂದ ಹಣ ಪ್ಲಾಂಟಿನ ಖರ್ಚಿಗೆ. ಒಂದು ಮನೆಯವರು ಒಂಟಿಯಾಗಿ ಇದನ್ನು ಮಾಡಲು ಸಾಧ್ಯವೇ ಇಲ್ಲ, ಲೆಕ್ಕ ಪರಿಶೋಧನೆಯ ಖರ್ಚೇ ಅವರನ್ನು ಮುಳುಗಿಸುತ್ತದೆ. ಸಾವಿರಾರು ಮನೆ ಸೇರಿದ್ದರಿಂದ ಆಯಿತು. ಆ ಲೆಕ್ಕ ಬರೆಯುವ ವಿದ್ಯೆಯನ್ನು ದಕ್ಷಿಣ ಭಾರತದ ಬೇರೆ ಸಂಸ್ಥೆಗಳೂ ಕಲಿತು, ಫೇರ್ ಕ್ಲೈಮೇಟ್ ನೆಟ್‌ವರ್ಕ್ ಅಂತ ಒಂದು ಕೂಟ ಮಾಡಿಕೊಂಡವು. ಇಲ್ಲಿ ಊರಿಂದೂರಿಗೆ ಹೋದದ್ದು ಗುಂಡಿ, ಪೈಪು ಅಷ್ಟೇ ಅಲ್ಲ, ಕಾಗದದ ಕೆಲಸವೂ ಹೋಯಿತು.

ಮೂರನೇ ಹೆಜ್ಜೆ: ನೋಡಲು ಹೋಗುವಾಗ ಯಾರು ಹೋಗಬೇಕು

ಅಧ್ಯಕ್ಷರು, ಕಾರ್ಯದರ್ಶಿ, ಅವರ ಭಾವಮೈದ. ಸಾಮಾನ್ಯವಾಗಿ ಹೋಗುವವರು ಇವರೇ. ಇದನ್ನು ಬದಲಾಯಿಸಿ. ಒಬ್ಬ ಗಾರೆ ಮೇಸ್ತ್ರಿ ಅಥವಾ ವೈರಿಂಗ್ ಹುಡುಗ, ದಿನವೂ ಒಲೆ ಹಚ್ಚುವ ಒಬ್ಬರು, ಸಂಘದ ಲೆಕ್ಕ ಬರೆಯುವವರು, ಮತ್ತೆ 'ಇದೆಲ್ಲ ಆಗೋ ಮಾತಲ್ಲ ಬಿಡ್ರಿ' ಅನ್ನುವ ಒಬ್ಬರು. ಕೊನೆಯವರನ್ನು ಬಿಡಲೇಬೇಡಿ. ಒಳ್ಳೆಯ ಪ್ರಶ್ನೆ ಕೇಳುವವರು ಅವರೇ.

ಅಲ್ಲಿ ಭಾಷಣ ಕೇಳುತ್ತ ಕೂರಬೇಡಿ. ಹಿತ್ತಲಿಗೆ ಹೋಗಿ. ಮೇಸ್ತ್ರಿ ಮೇಸ್ತ್ರಿಯ ಹತ್ತಿರ ಮಾತಾಡಲಿ, ಒಲೆ ಹಚ್ಚುವವರು ಒಲೆ ಹಚ್ಚುವವರ ಹತ್ತಿರ. ಆಗ ಮಾತು ಹೀಗೆ ನಡೆಯುತ್ತದೆ:

"ಅಕ್ಕಾ, ದಿನಾ ಎಷ್ಟು ಹಾಕ್ತೀರ?"

"ಮೂರು ಬಕೆಟ್ ಸೆಗಣಿ, ಅಷ್ಟೇ ನೀರು. ಕಲಸೋದೇನು ಕಷ್ಟ ಇಲ್ಲ ಕಣಮ್ಮ. ನಾವು ಮದುವೆಗೋ ಜಾತ್ರೆಗೋ ಹೋದ್ರೆ ಹಾಕೋರು ಯಾರು, ಅದೇ ತಲೆನೋವು."

ಅಷ್ಟು ಕೇಳಿದರೆ ಸಾಕು, ನಿಮ್ಮವರಿಗೆ ಇಡೀ ವಿಷಯ ತಿಳಿದ ಹಾಗೆ. ಎರಡು ಘನ ಮೀಟರಿನ ಪ್ಲಾಂಟಿಗೆ ದಿನಕ್ಕೆ ಸುಮಾರು 50 ಕೆಜಿ ಸೆಗಣಿ ಬೇಕು, ನಾಲ್ಕೈದು ಜನರ ಅಡುಗೆ ಆಗುತ್ತದೆ. ನಾಟಿ ಹಸುವಾದರೆ ನಾಲ್ಕೈದು ಇರಬೇಕು, ಕಟ್ಟಿ ಮೇಯಿಸುವ ಸೀಮೆಹಸುವಾದರೆ ಅಷ್ಟು ಬೇಡ. ಆದರೆ ಹಸು ಮಾರುವ ವರ್ಷ ಬಂದರೆ? ಮೇವಿಲ್ಲದ ವರ್ಷ ನಮ್ಮ ಕಡೆ ಬಂದೇ ಬರುತ್ತದೆ. ಆಗ ಅವರು ಏನು ಮಾಡಿದರು ಅಂತ ಕೇಳಿ.

ಇನ್ನೊಂದು ಮಾತು. ನಡೆಯುತ್ತಿರುವುದನ್ನು ನೋಡಿದ ಮೇಲೆ, ನಿಂತುಹೋದದ್ದನ್ನೂ ತೋರಿಸಿ ಅಂತ ಕೇಳಿ. ಮೊದಲು ಮುಜುಗರಪಡುತ್ತಾರೆ. ಆದರೂ ಕೇಳಿ. ಒಳ್ಳೆಯ ಮಾದರಿ ಹತ್ತು ನೋಡುವುದಕ್ಕಿಂತ ಹಾಳುಬಿದ್ದ ಒಂದನ್ನು ಅದರ ಮನೆಯವರ ಜೊತೆ ನಿಂತು ನೋಡುವುದು ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತೋರಿಸಲು ಒಪ್ಪದ ಸಂಸ್ಥೆಯ ಜೊತೆ ಕೆಲಸ ಮಾಡುವ ಮುಂಚೆ ಎರಡು ಸಲ ಯೋಚಿಸಿ.

ನಾಲ್ಕನೇ ಹೆಜ್ಜೆ: ಕೈಕೆಲಸ ಊರಿಗೆ ಬರಲಿ

ಇದಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಎಲ್ಲರೂ ಅವಸರ ಮಾಡುವುದೂ ಇಲ್ಲೇ.

ದೀನಬಂಧು ಗುಮ್ಮಟವನ್ನು ನಕ್ಷೆ ನೋಡಿ ಕಟ್ಟಲು ಹೋಗಬೇಡಿ. ಗೋಡೆ ಕಟ್ಟಿ ಪಳಗಿದ ಮೇಸ್ತ್ರಿಗೂ ಇಟ್ಟಿಗೆಯನ್ನು ಒಳಕ್ಕೆ ಬಾಗಿಸುತ್ತ ಸುತ್ತು ಸುತ್ತಾಗಿ ಮೇಲಕ್ಕೆ ತರುವುದು ಹೊಸ ಕೆಲಸ. ಪ್ರತಿ ಇಟ್ಟಿಗೆಯ ಓರೆ ಸರಿಯಾಗಿ ಕೂರಬೇಕು. ಒಳಗಿನ ಗಿಲಾವು ಪದರ ಪದರವಾಗಿ ಆಗಬೇಕು. ಕೂದಲೆಳೆ ಬಿರುಕು ಉಳಿದರೂ ಗ್ಯಾಸ್ ಅಲ್ಲಿಂದಲೇ ಹೋಗುತ್ತದೆ, ಮನೆಯವರಿಗೆ ಕಾಣುವುದು ಒಲೆಯಲ್ಲಿ ಸಣ್ಣಗಾದ ಉರಿ ಮಾತ್ರ.

ಹಾಗಾಗಿ ಕ್ರಮ ಹೀಗಿರಲಿ. ಮೊದಲನೆಯದನ್ನು ಅವರೂರಲ್ಲಿ, ಅವರ ಮೇಸ್ತ್ರಿಯ ಕೈಕೆಳಗೆ ನಿಮ್ಮ ಮೇಸ್ತ್ರಿ ಕಟ್ಟಲಿ. ಎರಡನೆಯದನ್ನು ನಿಮ್ಮೂರಲ್ಲಿ ನಿಮ್ಮವರು ಕಟ್ಟಲಿ, ಅವರು ಪಕ್ಕದಲ್ಲಿ ನಿಂತು ನೋಡಲಿ. ಮೂರನೆಯದು ನಿಮ್ಮವರದೇ. ಕಲಿಯಲು ಹೋದ ದಿನಗಳ ಕೂಲಿಯನ್ನು ಮೇಸ್ತ್ರಿಗೆ ಕೊಡಿ. 'ತರಬೇತಿ ಪುಕ್ಕಟೆ' ಅಂತ ಹೇಳಿ ಆತನ ಕೂಲಿ ಕಳೆದರೆ ಮುಂದಿನ ಸಲ ಬರುವುದಿಲ್ಲ. ಒಬ್ಬರನ್ನಲ್ಲ, ಇಬ್ಬರನ್ನು ಕಳಿಸಿ. ಕೆಲಸ ಬಲ್ಲ ಮೇಸ್ತ್ರಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು ನಮ್ಮ ಮೂರೂ ಜಿಲ್ಲೆಗಳ ಹಣೆಬರಹ. ಇಬ್ಬರಿದ್ದರೆ ಒಬ್ಬರಾದರೂ ಊರಲ್ಲಿ ಸಿಗುತ್ತಾರೆ.

ಪೈಪಿನ ಕೂಡುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೋಡುವುದನ್ನು ಮನೆಯವರಿಗೇ ಕಲಿಸಿ. ಕಡ್ಡಿ ಗೀರಿ ನೋಡುವುದು ಬೇಡವೇ ಬೇಡ. ಹೊಸ ಗುಂಡಿ ತುಂಬಿಸುವಾಗ, ನಡೆಯುತ್ತಿರುವ ಪ್ಲಾಂಟಿನಿಂದ ಒಂದಿಷ್ಟು ಬಗ್ಗಡ ತಂದು ಸೇರಿಸಿದರೆ ಗ್ಯಾಸ್ ಬೇಗ ಏಳುತ್ತದೆ. ಹಾಲಿಗೆ ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ.

ಐದನೇ ಹೆಜ್ಜೆ: ಯಾವುದನ್ನು ಬದಲಾಯಿಸಬಹುದು, ಯಾವುದನ್ನು ಮುಟ್ಟಬಾರದು

ಹೊಸ ಜಾಗಕ್ಕೆ ಬಂದ ಮೇಲೆ ಏನನ್ನಾದರೂ ಬದಲಾಯಿಸಲೇಬೇಕು. ಏನನ್ನು ಅಂತ ಮಾಡಿದವರನ್ನು ಕೇಳಿಯೇ ತೀರ್ಮಾನಿಸಿ.

ಅಸ್ತ್ರ ಒಲೆ ನೆನಪಿದೆಯಾ? ಮೂರು ಪಾತ್ರೆ ಕೂರುವ, ಒಳಗೆ ಜಾಲರಿ ಇರುವ, ಹೊಗೆಕೊಳವೆಯ ಒಲೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1980ರ ದಶಕದಲ್ಲಿ ಒಲೆ ಕಟ್ಟುವವರಿಗೆ ತರಬೇತಿ ಕೊಟ್ಟು ಇದನ್ನು ರಾಜ್ಯದ ತುಂಬ ಹರಡಿತು. ಅದರ ಗುಟ್ಟೆಲ್ಲ ಅಳತೆಯಲ್ಲಿ. ಜಾಲರಿಯಿಂದ ಪಾತ್ರೆಯ ತಳಕ್ಕೆ ಎಷ್ಟು ಅಂತರ, ಗಾಳಿ ಹೋಗುವ ದಾರಿ ಎಷ್ಟು ಅಗಲ ಅನ್ನುವುದರ ಮೇಲೆ ಉರಿ ನಿಂತಿದೆ. ದಪ್ಪ ಸೌದೆ ಹಿಡಿಸಲಿ ಅಂತ ಬಾಯಿ ಅಗಲ ಮಾಡಿದರೆ ಹೊರಗಿನ ತಣ್ಣನೆ ಗಾಳಿ ಜಾಸ್ತಿ ನುಗ್ಗುತ್ತದೆ, ಸೌದೆ ಉಳಿಯುವುದಿಲ್ಲ. ಅಳತೆ ಮುಟ್ಟಬಾರದು. ಆದರೆ ಒಲೆ ಯಾವ ಮೂಲೆಯಲ್ಲಿರಬೇಕು, ನಿಂತು ಅಡುಗೆ ಮಾಡುವ ಎತ್ತರವೋ ಕೂತು ಮಾಡುವುದೋ, ಮುದ್ದೆ ತಿರುವುವಾಗ ಪಾತ್ರೆ ಅಲ್ಲಾಡದ ಹಾಗೆ ಹೇಗೆ ಕೂರಿಸಬೇಕು, ಇದೆಲ್ಲ ಮನೆಯವರ ಇಷ್ಟ. ರಾಗಿಮುದ್ದೆ ತಿರುವಲು ಬರದ ಒಲೆಯನ್ನು ನಮ್ಮ ಜಿಲ್ಲೆಗಳಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ, ಬರೆದಿಟ್ಟುಕೊಳ್ಳಿ.

ಗೋಬರ್ ಗ್ಯಾಸ್‌ಗೆ ನೀರಿನ ಕಷ್ಟ ಇದ್ದರೆ ಕೊಟ್ಟಿಗೆ ತೊಳೆದ ನೀರು, ಗಂಜಲ ಬಳಸಬಹುದು. ಸೋಪು, ಫಿನಾಯಿಲ್ ಸೇರಿದ ನೀರು ಬೇಡ, ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಚಳಿ ಪ್ರದೇಶದ ಗುಂಡಿಯ ಅಳತೆಯನ್ನು ನಮ್ಮಲ್ಲಿಗೆ ತರಬೇಕಾಗಿಲ್ಲ, ಅಲ್ಲಿ ಸೆಗಣಿ ಕೊಳೆಯಲು ಜಾಸ್ತಿ ದಿನ ಬೇಕು ಅಂತ ಗುಂಡಿ ದೊಡ್ಡದು ಮಾಡಿರುತ್ತಾರೆ.

ಮಾತಿನ ವಿಷಯವನ್ನೂ ನೋಡಿ. ಪಾವಗಡ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು ಆಡುವವರು ತುಂಬ. ತರಬೇತಿಯ ಹಾಳೆ ಕನ್ನಡದಲ್ಲಿರಲಿ, ಹೇಳಿಕೊಡುವುದು ಅವರ ಮಾತಲ್ಲಿ ನಡೆಯಲಿ. 'ಎಲ್ಲರಿಗೂ ಅರ್ಥವಾಯಿತಾ' ಅಂತ ಕೇಳಿದರೆ ಯಾವ ಭಾಷೆಯಲ್ಲಾದರೂ ತಲೆಯಾಡಿಸುತ್ತಾರೆ. ಮಾಡಿ ತೋರಿಸಿ ಅನ್ನಿ.

ವೈಫೈಗೆ ಬರೋಣ. ತುಮಕೂರಿನ ದೇವರಾಯನದುರ್ಗದ ಬಳಿ ದುರ್ಗದಹಳ್ಳಿಯಲ್ಲಿ ಜನಸ್ತು ಅನ್ನುವ ಸಂಸ್ಥೆ ಊರಿನವರದೇ ವೈಫೈ ಜಾಲದ ಪ್ರಯೋಗ ಮಾಡಿದೆ. ಒಂದು ಮನೆಯ ವೈಫೈ ಪೆಟ್ಟಿಗೆ ಪಕ್ಕದ ಮನೆಯ ಪೆಟ್ಟಿಗೆಗೆ, ಅದು ಮುಂದಿನದಕ್ಕೆ, ಹೀಗೆ ಕೈಯಿಂದ ಕೈಗೆ ದಾಟಿಸುವ ಜಾಲ. ಇಂಟರ್‌ನೆಟ್ ಇಲ್ಲದಿದ್ದರೂ ಊರೊಳಗಿನ ಮಾತು, ಹಾಡು, ಕಥೆ ಊರೊಳಗೆ ಓಡಾಡುತ್ತದೆ. ಇದರ ಸಾಫ್ಟ್‌ವೇರ್ ಯಾರಿಗೂ ದುಡ್ಡು ಕೊಟ್ಟು ಕೊಳ್ಳಬೇಕಾದದ್ದಲ್ಲ. ಅರ್ಜೆಂಟೀನಾ, ಸ್ಪೇನ್ ಮೊದಲಾದ ಕಡೆಯ ಸಮುದಾಯಗಳು ಸೇರಿ ಬೆಳೆಸಿದ ಲಿಬ್ರೆಮೆಶ್ ಥರದವು ಎಲ್ಲರಿಗೂ ಮುಕ್ತ. ಆದರೆ ಬಂಡೆ, ಮರ ಅಡ್ಡ ಬಂದರೆ ಸಿಗ್ನಲ್ ಹೋಗುವುದಿಲ್ಲ. ಎಲೆ ಉದುರಿದ ಬೇಸಿಗೆಯಲ್ಲಿ ನೋಡಿ ಕಂಬ ನೆಟ್ಟರೆ ಮಳೆಗಾಲದಲ್ಲಿ ಮರ ಚಿಗುರಿದ ಮೇಲೆ ಪರದಾಡುತ್ತೀರಿ. ಮಂಗಗಳಿರುವ ಊರಾದರೆ ಕೇಬಲ್ ಪೈಪಿನೊಳಗೇ ಹೋಗಲಿ. ಸಿಡಿಲಿಗೆ ಅರ್ಥಿಂಗ್ ಮಾಡದೆ ಎತ್ತರದಲ್ಲಿ ಏನನ್ನೂ ಕಟ್ಟಬೇಡಿ.

ದಕ್ಷಿಣ ಆಫ್ರಿಕಾದ ಮಂಕೋಸಿ ಅನ್ನುವ ಹಳ್ಳಿಗಾಡಿನಲ್ಲಿ ಇಂಥದೇ ಜಾಲ ನಡೆಸುವ ಝೆಂಝೆಲೆನಿ ಸಹಕಾರ ಸಂಘಕ್ಕೆ ಮೊದಮೊದಲು ಕಾಸು ಬಂದದ್ದು ಇಂಟರ್‌ನೆಟ್‌ನಿಂದಲ್ಲ, ಸೋಲಾರ್ ಇಟ್ಟು ಜನರ ಮೊಬೈಲ್ ಚಾರ್ಜ್ ಮಾಡಿಕೊಟ್ಟದ್ದರಿಂದ. ಅಲ್ಲಿ ಕರೆಂಟ್ ಇರಲಿಲ್ಲ, ಅದಕ್ಕೆ ಆ ದಾರಿ. ನಮ್ಮಲ್ಲಿ ಅದು ನಡೆಯುವುದಿಲ್ಲ. ನಮ್ಮಲ್ಲಿ ಯಾವುದಕ್ಕೆ ಜನ ಐದು ರೂಪಾಯಿ ಕೊಡುತ್ತಾರೆ? ಪಹಣಿ ಪ್ರಿಂಟು, ಮಕ್ಕಳ ಅರ್ಜಿ, ಟೊಮೆಟೊ ಮಾರುಕಟ್ಟೆಯ ದರ. ಅಲ್ಲಿಂದ ಯೋಚಿಸಿ.

ಇರುವ ಪರಿಸ್ಥಿತಿಗೆ ತಕ್ಕಂತೆ ಬದಲಾಯಿಸಿಕೊಳ್ಳುವುದಕ್ಕೆ ಕೋಲಾರದ ಬೂದಿಕೋಟೆಯ 'ನಮ್ಮ ಧ್ವನಿ' ರೇಡಿಯೊ ಹಳೆಯ, ಒಳ್ಳೆಯ ಉದಾಹರಣೆ. ಮೈರಾಡ ಅನ್ನುವ ಸಂಸ್ಥೆ ಕಟ್ಟಿದ ಮಹಿಳಾ ಸಂಘಗಳು, ಬೆಂಗಳೂರಿನ ವಾಯ್ಸಸ್ ಸಂಸ್ಥೆ, ಯುನೆಸ್ಕೊ ಸೇರಿ ಮಾಡಿದ ಕೆಲಸ. ಆಗ ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೊ ಪರವಾನಗಿ ಸಿಗುತ್ತಿರಲಿಲ್ಲ, ಸಿಕ್ಕಿದ್ದು 2006ರ ಕೊನೆಯ ನೀತಿಯಿಂದ. ಪರವಾನಗಿ ಬರಲಿ ಅಂತ ಅವರು ಕೈಕಟ್ಟಿ ಕೂರಲಿಲ್ಲ. ಊರಿನ ಕೇಬಲ್ ಟಿವಿ ತಂತಿಯಲ್ಲೇ ದನಿ ಕಳಿಸಿದರು.

ಆರನೇ ಹೆಜ್ಜೆ: ಕಾಗದ, ಕಾಸು

ಬೇಗ ಮುಗಿಸುತ್ತೇನೆ. ವೈಫೈ ಬಳಸುವ 2.4 ಮತ್ತು 5 ಗಿಗಾಹರ್ಟ್ಸ್ ತರಂಗಗಳಿಗೆ ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿ ಬೇಡ. ಇಂಟರ್‌ನೆಟ್ ಮಾರುವುದಾದರೆ ಕೇಂದ್ರ 2020ರಲ್ಲಿ ತಂದ ಪಿಎಂ-ವಾಣಿ ಅನ್ನುವ ಸಾರ್ವಜನಿಕ ವೈಫೈ ಯೋಜನೆಯ ಅಡಿಯಲ್ಲಿ ಸಾರ್ವಜನಿಕ ಡೇಟಾ ಕಚೇರಿಯಾಗಿ ಸೇರಿ, ಅದಕ್ಕೂ ಲೈಸೆನ್ಸ್ ಶುಲ್ಕ ಇಲ್ಲ. ಗೋಬರ್ ಗ್ಯಾಸ್ ಸಹಾಯಧನದ ಮೊತ್ತ ಆಗಾಗ ಬದಲಾಗುತ್ತದೆ, ತಾಲ್ಲೂಕು ಪಂಚಾಯಿತಿಯಲ್ಲಿ ಕೇಳಿಯೇ ಲೆಕ್ಕ ಹಾಕಿ. ಸಹಾಯಧನ ಬರುವ ಮುಂಚೆ ಅಂಗಡಿಯಲ್ಲಿ ಸಾಲ ಮಾಡಿ ಸಿಮೆಂಟ್ ಎತ್ತಬೇಡಿ.

ರಿಪೇರಿ ನಿಧಿ ಅಂತ ಬೇರೆಯೇ ಖಾತೆ ಇರಲಿ, ಇಬ್ಬರ ಸಹಿ ಇರಲಿ. ಮೊದಲ ತಿಂಗಳಿಂದಲೇ ಹಾಕಿ. ಕೆಟ್ಟ ಮೇಲೆ ಚಂದಾ ಎತ್ತಲು ಹೋದರೆ ಜಗಳವೇ ಜಾಸ್ತಿ ಸಿಗುತ್ತದೆ. ಯೋಜನೆಯ ಉಪಕರಣ ಯಾರ ಹೆಸರಲ್ಲಿದೆ ಅಂತ ಬರೆದಿಡಿ. ಜಾಗ ಕೊಟ್ಟವರು ಮುಂದೆ 'ಇದು ನಮ್ಮದು' ಅನ್ನುವುದು ಹೊಸತೇನಲ್ಲ.

ಏಳನೇ ಹೆಜ್ಜೆ: ನಂಟು ಬಿಡಬೇಡಿ, ವಾಪಸ್ಸೂ ಕೊಡಿ

ಕಲಿಸಿದವರ ಜೊತೆ ಒಂದು ವಾಟ್ಸ್‌ಆ್ಯಪ್ ಗುಂಪು ಸಾಕು. ಆದರೆ ಅದರಲ್ಲಿ ಶುಭೋದಯ, ಹೂವಿನ ಚಿತ್ರ ಬೇಡ ಅಂತ ಮೊದಲೇ ಹೇಳಿಬಿಡಿ. ಬರೆಯಲು ಬೇಜಾರಾದವರು ದನಿಯಲ್ಲೇ ಹೇಳಲಿ. ಕೆಟ್ಟ ಭಾಗದ ಫೋಟೊ ಹಾಕಿ, ಸರಿಮಾಡಿದ ಮೇಲೂ ಹಾಕಿ. ಎರಡನೆಯದನ್ನು ಹಾಕಲು ಎಲ್ಲರೂ ಮರೆಯುತ್ತಾರೆ.

ನಾಲ್ಕೈದು ಊರು ಸೇರಿದರೆ ಬಿಡಿಭಾಗ ಒಟ್ಟಿಗೆ ಕೊಳ್ಳಬಹುದು, ಒಬ್ಬ ರಿಪೇರಿಯವರಿಗೆ ತಿಂಗಳಿಗಾಗುವಷ್ಟು ಕೆಲಸವೂ ಸಿಗುತ್ತದೆ. ಒಂದೇ ಊರಿನ ಐದು ಒಲೆ, ಮೂರು ಪೆಟ್ಟಿಗೆ ನಂಬಿಕೊಂಡು ಯಾರೂ ಹೊಟ್ಟೆ ಹೊರೆಯಲಾಗುವುದಿಲ್ಲ. ಸುಮ್ನೆ ಸೇವೆ ಮಾಡಲಿ ಅಂತ ನಿರೀಕ್ಷಿಸುವುದು ತಪ್ಪು.

ನೀವು ಮಾಡಿಕೊಂಡ ಬದಲಾವಣೆಯನ್ನು ಕಲಿಸಿದವರಿಗೆ ತಿಳಿಸಿ. ಬರಗಾಲದಲ್ಲಿ ಎಷ್ಟು ನೀರಿಗೆ ಪ್ಲಾಂಟ್ ನಡೆಯಿತು, ಯಾವ ಕೂಡಿನಲ್ಲಿ ಸೋರಿತು, ಯಾವ ಮನೆ ಬಿಟ್ಟಿತು, ಯಾಕೆ ಬಿಟ್ಟಿತು. ಬರಿಗೈಲಿ ಹೋದ ನಿಮಗೆ ಅವರು ಕಲಿಸಿದ್ದಾರೆ. ನಿಮ್ಮ ಲೆಕ್ಕದ ಪುಸ್ತಕದ ನಾಲ್ಕು ಪುಟದ ಫೋಟೊ ಅವರಿಗೂ ಉಪಯೋಗಕ್ಕೆ ಬರುತ್ತದೆ.

ಆಮೇಲೆ ನಿಮ್ಮೂರಿಗೂ ಬಸ್ಸು ಬರಲು ಶುರುವಾಗುತ್ತದೆ. ಮೊದಲ ವರ್ಷ ತಿಂಗಳಿಗೆ ಒಂದು ತಂಡಕ್ಕಿಂತ ಜಾಸ್ತಿ ಒಪ್ಪಿಕೊಳ್ಳಬೇಡಿ, ತೋರಿಸುವುದೇ ಕೆಲಸವಾಗಿ ನಡೆಸುವುದು ನಿಂತುಹೋಗುತ್ತದೆ. ಊಟದ ಖರ್ಚು ಮತ್ತು ತೋರಿಸುವವರ ಅರ್ಧ ದಿನದ ಕೂಲಿಯನ್ನು ಬಂದವರಿಂದ ನಾಚಿಕೆಪಡದೆ ಕೇಳಿ. ನಿಂತುಹೋದ ಪ್ಲಾಂಟಿನ ಮನೆಯವರನ್ನು ಹಿಂದಿನ ದಿನವೇ ಒಪ್ಪಿಸಿಟ್ಟಿರಿ. ಬಂದ ತಂಡದಲ್ಲಿ ಮೇಸ್ತ್ರಿಯೇ ಇಲ್ಲದಿದ್ದರೆ, ಮುಂದಿನ ಸಲ ಕರೆದುಕೊಂಡು ಬನ್ನಿ ಅಂತ ಅಲ್ಲೇ ಹೇಳಿ ಕಳಿಸಿ.